ಮೊದಲು ಕಾಗದ, ಆಮೇಲೆ ಗಾರ್ಡನ್: ಸೈಟ್ ಏಜೆಂಟ್ ಹೋಮ್‌ಪೇಜ್ ಬಗ್ಗೆ ನನ್ನ ಹಠ

1/10

ಸೆಮಿಸ್ಟರ್ ಪರೀಕ್ಷೆ ಮುಗಿದ ಮಾರನೇ ದಿನಾನೇ ಮಾವ ಫೋನ್ ಮಾಡಿದ್ರು. "ಅವ್ವಾ, ನಿಂಗೆ ಕಂಪ್ಯೂಟರ್ ಬರುತ್ತಲ್ಲ, ನನಗೊಂದು ವೆಬ್‌ಸೈಟ್ ಮಾಡ್ಕೊಡು."

ಮಾವ ಅಂದ್ರೆ ಅಮ್ಮನ ತಮ್ಮ. ದಾವಣಗೆರೆಯಲ್ಲಿ ಸೈಟು, ಮನೆ ಕೊಡಿಸೋ ಕೆಲಸ. ಹದಡಿ ರೋಡ್ ಕಡೆ ಒಂದು ಸಣ್ಣ ಆಫೀಸ್ ಇದೆ. ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಗೋಡೆ ತುಂಬಾ ಲೇಔಟ್ ನಕ್ಷೆ, ಟೇಬಲ್ ಮೇಲೆ ಪಾಂಪ್ಲೆಟ್ ಕಟ್ಟು. ನಾನು ಯೂಟ್ಯೂಬ್ ನೋಡಿ ಕಲಿತವಳು. ಕಾಲೇಜ್ ಫೆಸ್ಟ್‌ಗೆ ಒಂದು ಪೇಜ್ ಮಾಡಿದ್ದೆ, ಅಷ್ಟೇ ಅನುಭವ.

ಸ್ಯಾಂಪಲ್ ಅಂತ ಮಾವ ಒಂದು ಲಿಂಕ್ ಕಳಿಸಿದ್ರು. ತೆರೆದ ಕೂಡಲೇ ಸ್ವಿಮ್ಮಿಂಗ್ ಪೂಲ್, ಬಿಳಿ ಬಂಗಲೆ, ಹಸಿರು ಹುಲ್ಲಿನ ಮೇಲೆ ಓಡ್ತಿರೋ ಮಗು, ಹಿಂದೆ ಪಿಯಾನೊ ಮ್ಯೂಸಿಕ್. "ಹಿಂಗೇ ಬೇಕು ನೋಡು."

ನಾನು ಆಗಲ್ಲ ಅಂದೆ. ಅಲ್ಲಿಂದ ಮೂರು ವಾರ ನಮ್ಮಿಬ್ಬರ ಜಗಳ ನಡೀತು. ಆ ಜಗಳದಲ್ಲಿ ನಾನು ಯಾವ ಕಡೆ ನಿಂತೆ, ಯಾಕೆ ನಿಂತೆ ಅಂತ ಹತ್ತು ಭಾಗದಲ್ಲಿ ಹೇಳ್ತೀನಿ.

ನನ್ನ ವಾದ ಒಂದೇ. ಆಸ್ತಿ ಕೊಡಿಸೋರ ಹೋಮ್‌ಪೇಜ್‌ನ ಕೆಲಸ ಕನಸು ತೋರಿಸೋದಲ್ಲ. ನೋಡೋರ ತಲೆಯಲ್ಲಿರೋ ಅನುಮಾನಕ್ಕೆ ಮೊದಲ ಸ್ಕ್ರೀನ್‌ನಲ್ಲೇ ಉತ್ತರ ಕೊಡೋದು. ಕಾಗದ ಮೊದಲು, ಗಾರ್ಡನ್ ಆಮೇಲೆ.

ನಮ್ಮ ಕ್ಲಾಸ್‌ನಲ್ಲೇ ನಾಲ್ಕೈದು ಜನ ಪಾಕೆಟ್ ಮನಿಗೆ ಅಂತ ವೆಬ್‌ಸೈಟ್, ಪೋಸ್ಟರ್ ಮಾಡ್ಕೊಡ್ತಾರೆ. ಇದು ನಿಮಗೂ ಸೇರಿ.

2/10

ಫೋಟೊದಲ್ಲಿರೋದು ಒಂದು ಹಳೇ ಪಾಂಪ್ಲೆಟ್. ಹೆಸರು, ನಂಬರ್ ಇರೋ ಕಡೆ ಬೆರಳು ಇಟ್ಟಿದ್ದೀನಿ, ಅದು ಬೇಕಾಗಿಲ್ಲ.

ಇದನ್ನ ನಮ್ಮನೆ ಬೀರುವಿನಲ್ಲಿ ಇನ್ನೂ ಇಟ್ಟಿದ್ದಾರೆ. 2015ರಲ್ಲಿ ಅಪ್ಪ ಇದನ್ನ ನೋಡಿ ಒಂದು 30×40 ಸೈಟ್ ತಗೊಂಡ್ರು. ಅಪ್ಪ ಎಪಿಎಂಸಿ ಯಾರ್ಡ್‌ನಲ್ಲಿ ದಲಾಲಿ ಅಂಗಡಿ ಗುಮಾಸ್ತರು. ಹದಿನಾಲ್ಕು ವರ್ಷ ಕೂಡಿಟ್ಟಿದ್ದು, ಅಮ್ಮನ ಎರಡು ಬಳೆ, ಎಲ್ಲಾ ಸೇರಿ 3 ಲಕ್ಷ 20 ಸಾವಿರ. ಪಾಂಪ್ಲೆಟ್‌ನಲ್ಲಿ ಕಾರಂಜಿ ಇತ್ತು, ಪಾರ್ಕ್ ಇತ್ತು, ಬೀದಿ ದೀಪ ಇತ್ತು. ಜಾಗದಲ್ಲಿ ಸುಣ್ಣದ ಗೆರೆ, ನಂಬರ್ ಕಲ್ಲು, ಅಷ್ಟೇ.

ಅವತ್ತು ಜೊತೆಗೆ ಹೋಗಿದ್ದು ಇದೇ ಮಾವ. ಆಗ ಅವರು ಈ ಕೆಲಸಕ್ಕೆ ಬಂದಿರಲಿಲ್ಲ. "ಚಲೋ ಐತೆ ಭಾವ, ತಗೊಂಬಿಡ್ರಿ" ಅಂದಿದ್ರಂತೆ.

2021ರಲ್ಲಿ ಅಕ್ಕನಿಗೆ ನರ್ಸಿಂಗ್ ಸೀಟ್ ಸಿಕ್ತು. ಫೀಸ್ ಕಟ್ಟೋಕೆ ಅಪ್ಪ ಸೈಟ್ ಮಾರೋಕೆ ಹೊರಟ್ರು. ಆವಾಗ ಗೊತ್ತಾಗಿದ್ದು. ಪಹಣಿಯಲ್ಲಿ ಅದು ಇನ್ನೂ ಹೊಲ. ಬೆಳೆ ಕಾಲಂನಲ್ಲಿ ಮೆಕ್ಕೆಜೋಳ. ಅಲಿನೇಷನ್ ಆಗಿಲ್ಲ, ಲೇಔಟ್‌ಗೆ ಮಂಜೂರಾತಿ ಇಲ್ಲ, ಖಾತೆ ಇಲ್ಲ. ಅಪ್ಪನ ಕೈಲಿದ್ದಿದ್ದು ಕ್ರಯಪತ್ರ ಅಲ್ಲ, ಅಗ್ರಿಮೆಂಟ್ ಮತ್ತು ಜಿಪಿಎ. ಜಿಪಿಎ ಮೇಲೆ ಮಾರಿದ್ರೆ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿತ್ತು. ನಮ್ಮನೆಯಲ್ಲಿ ಅದು ಯಾರಿಗೆ ಗೊತ್ತಿತ್ತು?

ಕೊಳ್ಳೋರು ಸಿಗಲಿಲ್ಲ. ಬ್ಯಾಂಕ್ ಅಂತೂ ಫೈಲ್ ಮುಟ್ಟಲೇ ಇಲ್ಲ. ಅಕ್ಕ ನರ್ಸಿಂಗ್ ಬಿಟ್ಟು ಬಿಎಗೆ ಸೇರಿದಳು.

ಆ ಪಾಂಪ್ಲೆಟ್‌ನಲ್ಲಿ ಒಂದೇ ಒಂದು ಸಾಲು, "ಅಲಿನೇಷನ್ ಆಗಿಲ್ಲ" ಅಂತ ಇದ್ದಿದ್ರೆ? ಅದಕ್ಕೇ ಸ್ವಿಮ್ಮಿಂಗ್ ಪೂಲ್ ನೋಡಿದ್ರೆ ನನಗೆ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ.

3/10

ಈಗ ಸ್ವಲ್ಪ ಪಾಠ. ಬೋರ್ ಹೊಡಿಯಲ್ಲ, ಓದಿ.

ಜಾರ್ಜ್ ಅಕರ್ಲಾಫ್ ಅನ್ನೋ ಅರ್ಥಶಾಸ್ತ್ರಜ್ಞ 1970ರಲ್ಲಿ ಹಳೇ ಕಾರಿನ ಮಾರ್ಕೆಟ್ ಬಗ್ಗೆ ಒಂದು ಲೇಖನ ಬರೆದ್ರು. ಕಾರಿನ ಹುಳುಕು ಮಾರೋನಿಗೆ ಗೊತ್ತು, ಕೊಳ್ಳೋನಿಗೆ ಗೊತ್ತಿಲ್ಲ. ಹಂಗಾಗಿ ಕೊಳ್ಳೋನು ಎಲ್ಲ ಕಾರಿಗೂ ಅನುಮಾನದಿಂದಲೇ ಕಡಿಮೆ ರೇಟ್ ಹೇಳ್ತಾನೆ. ಒಳ್ಳೇ ಕಾರ್ ಇರೋನು ಆ ರೇಟ್‌ಗೆ ಯಾಕೆ ಕೊಡ್ತಾನೆ, ಮಾರ್ಕೆಟ್ ಬಿಟ್ಟು ಹೋಗ್ತಾನೆ. ಉಳಿಯೋದು ಕೆಟ್ಟ ಕಾರುಗಳು. ಈ ವಿಚಾರಕ್ಕೆ 2001ರಲ್ಲಿ ಅವರಿಗೆ ನೊಬೆಲ್ ಬಂತು, ಇನ್ನಿಬ್ಬರ ಜೊತೆ ಹಂಚಿಕೊಂಡು.

ಕಾರ್ ತೆಗೆದು ಸೈಟ್ ಅಂತ ಹಾಕಿ ಓದಿ. ನಮ್ಮೂರೇ.

ಇನ್ನೊಂದು. ಬಿಸಿನೆಸ್ ಲಾ ಕ್ಲಾಸ್‌ನಲ್ಲಿ "ಕೊಳ್ಳೋನೇ ಎಚ್ಚರ ಇರಬೇಕು" ಅನ್ನೋ ತತ್ವ ಬಾಯಿಪಾಠ ಮಾಡಿದ್ವಲ್ಲ? ಅದು ಬರೋದು ಸರಕು ಮಾರಾಟ ಕಾಯ್ದೆ 1930ರ ಪಾಠದಲ್ಲಿ. ಅದು ಚರ ವಸ್ತುಗಳಿಗೆ. ಜಮೀನಿಗೆ ಬೇರೆ ಕಾನೂನು ಇದೆ, ಆಸ್ತಿ ವರ್ಗಾವಣೆ ಕಾಯ್ದೆ 1882. ಅದರ 55ನೇ ಸೆಕ್ಷನ್ ಪ್ರಕಾರ ಆಸ್ತಿಯಲ್ಲಿ, ಹಕ್ಕಿನಲ್ಲಿ ಇರೋ ದೊಡ್ಡ ದೋಷ ಮಾರೋನಿಗೆ ಗೊತ್ತಿದ್ದು, ಕೊಳ್ಳೋನಿಗೆ ಸಾಮಾನ್ಯ ಎಚ್ಚರದಲ್ಲಿ ಕಾಣಿಸದೇ ಇದ್ರೆ, ಮಾರೋನೇ ಬಾಯಿ ಬಿಟ್ಟು ಹೇಳಬೇಕು.

ಅಂದ್ರೆ ಮುಚ್ಚಿಡೋದು ಬುದ್ಧಿವಂತಿಕೆ ಅಲ್ಲ. ಕಾನೂನು ಅದನ್ನ ಒಪ್ಪಲ್ಲ.

ಹೋಮ್‌ಪೇಜ್ ಬರೋದು ಇಲ್ಲಿ. ರಾತ್ರಿ ಊಟ ಆದ್ಮೇಲೆ, ಗಂಡ ಹೆಂಡತಿ ಒಂದೇ ಮೊಬೈಲ್‌ನಲ್ಲಿ ಪೇಜ್ ತೆಗೀತಾರೆ. ಅಥವಾ ಬೆಂಗಳೂರಲ್ಲಿ ಪಿಜಿಯಲ್ಲಿರೋ ನಮ್ಮೂರ ಹುಡುಗ, ಊರಲ್ಲೊಂದು ಸೈಟ್ ಇರಲಿ ಅಂತ ಹುಡುಕ್ತಾನೆ. ಅವರ ತಲೆಯಲ್ಲಿ ಇರೋದು ಒಂದೇ ಪ್ರಶ್ನೆ. ಇದು ನಿಜಾನಾ? ಪಿಯಾನೊ ಮ್ಯೂಸಿಕ್ ಅದಕ್ಕೆ ಉತ್ತರ ಅಲ್ಲ.

4/10

ಮೊದಲ ಸ್ಕ್ರೀನ್. ಅಂದ್ರೆ ಬೆರಳಲ್ಲಿ ಮೇಲೆ ತಳ್ಳೋಕೆ ಮುಂಚೆ ಕಾಣೋ ಜಾಗ. ಮೊಬೈಲ್‌ನಲ್ಲಿ ಅದು ಅಂಗೈಯಷ್ಟು. ಅಲ್ಲಿ ಏನಿರಬೇಕು ಅನ್ನೋದೇ ಅರ್ಧ ಡಿಸೈನ್.

ಮಾವ ಬರೆದ ತಲೆಬರಹ: "ನಿಮ್ಮ ಕನಸಿನ ಅರಮನೆಗೆ ಸುಸ್ವಾಗತ".
ನಾನು ಹಾಕಿದ್ದು: "ದಾವಣಗೆರೆಯಲ್ಲಿ ಸೈಟ್, ಮನೆ. ಪ್ರತಿಯೊಂದರ ಕಾಗದ ಪತ್ರದ ವಿವರ ಇಲ್ಲೇ ಇದೆ."

ಮೊದಲನೇದನ್ನ ಯಾವ ಊರಿನ ಯಾವ ಏಜೆಂಟ್ ಬೇಕಾದ್ರೂ ಹಾಕ್ಕೋಬಹುದು. ಎರಡನೇದು ಹಾಕ್ಕೋಬೇಕಂದ್ರೆ ಕಾಗದ ಇರಬೇಕು. ಒಳ್ಳೇ ತಲೆಬರಹಕ್ಕೆ ನನ್ನ ಪರೀಕ್ಷೆ ಇದೇ: ಮೋಸಗಾರ ಇದನ್ನ ನಕಲು ಮಾಡೋಕೆ ಹೆದರ್ತಾನಾ?

ಅದರ ಕೆಳಗೆ ಮಾವನ ಮುಖ. ಸ್ಟುಡಿಯೋ ಫೋಟೊ ಅಲ್ಲ, ಆಫೀಸ್ ಬಾಗಿಲಲ್ಲಿ ನಿಂತಿದ್ದು, ಹಿಂದೆ ಬೋರ್ಡ್ ಕಾಣೋ ಹಾಗೆ. ಮುಖದ ಪಕ್ಕದಲ್ಲೇ ರೇರಾ ನೋಂದಣಿ ಸಂಖ್ಯೆ.

"ಮಾವ, ನಿಮಗೆ ರೇರಾ ನಂಬರ್ ಇದೆಯಾ?" ಅಂತ ಕೇಳಿದ್ದೆ. ಎದ್ದು ಹೋಗಿ ಗಣಪತಿ ಫೋಟೊ ಹಿಂದಿನಿಂದ ಫ್ರೇಮ್ ಹಾಕಿದ ಸರ್ಟಿಫಿಕೇಟ್ ತಂದ್ರು, ಧೂಳು ಒರೆಸ್ತಾ. "ಇವತ್ತಿನವರೆಗೂ ಯಾರೂ ಕೇಳಿಲ್ಲ ಇದನ್ನ."

ಯಾರೂ ಕೇಳಲ್ಲ ಅಂದ್ರೆ ಯಾರಿಗೂ ಗೊತ್ತಿಲ್ಲ ಅಂತ. ರಿಯಲ್ ಎಸ್ಟೇಟ್ ಕಾಯ್ದೆ 2016ರ 9ನೇ ಸೆಕ್ಷನ್ ಪ್ರಕಾರ, ರೇರಾದಲ್ಲಿ ನೋಂದಣಿಯಾದ ಪ್ರಾಜೆಕ್ಟ್‌ನ ಸೈಟ್ ಅಥವಾ ಫ್ಲಾಟ್ ಕೊಡಿಸೋ ಏಜೆಂಟ್ ತಾನೂ ನೋಂದಣಿ ಮಾಡಿಸಿರಬೇಕು. ಕೊಡಿಸೋ ಪ್ರತಿ ವ್ಯವಹಾರದಲ್ಲೂ ಆ ಸಂಖ್ಯೆ ಹೇಳಬೇಕು. ನಂಬರ್ ಒತ್ತಿದ್ರೆ ಕರ್ನಾಟಕ ರೇರಾ ವೆಬ್‌ಸೈಟ್ ತೆಗೆಯೋ ಹಾಗೆ ಲಿಂಕ್ ಕೊಟ್ಟೆ. ನನ್ನ ಪೇಜ್ ನಂಬಬೇಡಿ, ಸರ್ಕಾರದ್ದನ್ನ ನೋಡಿ ಅಂತ.

ಬಟನ್ ಮೂರೇ: ಸೈಟ್ ನೋಡಿ, ಮನೆ ನೋಡಿ, ವಾಟ್ಸಾಪ್ ಮಾಡಿ. "ನಮ್ಮ ದೃಷ್ಟಿಕೋನ", "ನಮ್ಮ ಧ್ಯೇಯ" ಎಲ್ಲಾ ತೆಗೆದು ಹಾಕಿದೆ. ಸೈಟ್ ಹುಡುಕೋರು ಧ್ಯೇಯ ಹುಡುಕಲ್ಲ.

5/10

ಇದು ಈ ಸರಣಿಯ ಮುಖ್ಯ ಭಾಗ. ಸೇವ್ ಮಾಡ್ಕೊಳ್ಳಿ.

ಮೊದಲ ಸ್ಕ್ರೀನ್ ಕೆಳಗೆ ಸೈಟ್‌ಗಳ ಪಟ್ಟಿ. ಒಂದೊಂದಕ್ಕೆ ಒಂದು ಕಾರ್ಡ್. ಎಲ್ಲರೂ ಬರೆಯೋದು ಹೀಗೆ: "ಪ್ರೈಮ್ ಲೊಕೇಶನ್, ಆಕರ್ಷಕ ಬೆಲೆ, ಕರೆ ಮಾಡಿ." ಮೂರು ಮಾತಲ್ಲಿ ಒಂದರಲ್ಲೂ ವಿಷಯ ಇಲ್ಲ.

ನಾನು ಮಾಡಿದ ಕಾರ್ಡ್‌ನ ಮಾದರಿ (ಅಂಕಿ ಉದಾಹರಣೆಗೆ):

ಅಳತೆ: 30×40, 1200 ಚದರಡಿ, ಪೂರ್ವಕ್ಕೆ ಬಾಗಿಲು
ಬೆಲೆ: 24 ಲಕ್ಷ
ನೋಂದಣಿ ಖರ್ಚು: ಬೇರೆ, ಅಂದಾಜು 1 ಲಕ್ಷ 82 ಸಾವಿರ
ಅಲಿನೇಷನ್: ಆಗಿದೆ
ಲೇಔಟ್ ಮಂಜೂರಾತಿ: ದೂಡಾ, ಆಗಿದೆ
ಲೇಔಟ್‌ನ ರೇರಾ ಸಂಖ್ಯೆ: ಇದೆ, ಒತ್ತಿ ನೋಡಿ
ಇ-ಖಾತೆ: ಇದೆ
ಇಸಿ: ತೆಗೆಸಿದ ತಾರೀಕು
ಮುಂದಿನ ರಸ್ತೆ: ಅಳೆದಿದ್ದು ಎಷ್ಟು ಅಡಿ
ನನ್ನ ಕಮಿಷನ್: ಎಷ್ಟು, ಯಾರಿಂದ
ಈ ವಿವರ ಕೊನೆಗೆ ಪರಿಶೀಲಿಸಿದ್ದು: ತಾರೀಕು

ನೋಂದಣಿ ಖರ್ಚು ಯಾಕೆ ಅಂದ್ರೆ, ಅಲ್ಲೇ ಜನ ಎಡವೋದು. ಸ್ಟಾಂಪ್ ಡ್ಯೂಟಿ 5 ಪರ್ಸೆಂಟ್, ಅದರ ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 1ರ ಬದಲು 2 ಪರ್ಸೆಂಟ್. ನಗರ ವ್ಯಾಪ್ತಿಯಲ್ಲಿ ಎಲ್ಲಾ ಸೇರಿದ್ರೆ 7.6. 24 ಲಕ್ಷ ಅಂತ ಸಾಲ ಮಾಡ್ಕೊಂಡು ಬಂದವನಿಗೆ ಸಬ್ ರಿಜಿಸ್ಟ್ರಾರ್ ಆಫೀಸ್ ಬಾಗಿಲಲ್ಲಿ ಇನ್ನೊಂದು ಒಂದು ಮುಕ್ಕಾಲು ಲಕ್ಷದ ಮೇಲೆ ಬೇಕು ಅಂದ್ರೆ ಅವನು ಎಲ್ಲಿಗೆ ಹೋಗ್ತಾನೆ? ಬಡ್ಡಿಗೆ.

"ಕಮಿಷನ್ ಯಾರಾದ್ರೂ ಬೋರ್ಡ್ ಮೇಲೆ ಬರೀತಾರೇನವ್ವಾ?" ಅಂತ ಮಾವ ಕೂಗಾಡಿದ್ರು. ನಾನು ಅಂದೆ, "ಡಾಕ್ಟರ್ ಫೀಸ್ ಬರೀತಾರೆ, ಕಟಿಂಗ್ ಶಾಪ್‌ನಲ್ಲೂ ಬರೀತಾರೆ." ಎರಡು ದಿನ ಆದ್ಮೇಲೆ ಒಪ್ಪಿದ್ರು.

ಒಂದು ಎಚ್ಚರಿಕೆ. ಕಾಗದ ತೋರಿಸಿ ಅಂದ್ರೆ ಕ್ರಯಪತ್ರದ ಪೂರ್ತಿ ಸ್ಕ್ಯಾನ್ ಅಪ್‌ಲೋಡ್ ಮಾಡಿ ಅಂತ ಅಲ್ಲ. ಅದರಲ್ಲಿ ಮಾರೋರ ಫೋಟೊ, ಸಹಿ, ಹೆಬ್ಬೆರಳು, ಒಮ್ಮೊಮ್ಮೆ ಆಧಾರ್ ನಂಬರ್ ಕೂಡ ಇರುತ್ತೆ. ಪೇಜ್ ಮೇಲೆ ವಿವರ ಮಾತ್ರ. ಮೂಲ ಕಾಗದ ಆಫೀಸ್‌ನಲ್ಲಿ, ಎದುರು ಬದುರು.

6/10

ಫೋಟೊ 1: ಪಾಂಪ್ಲೆಟ್‌ನಲ್ಲಿದ್ದ "30 ಅಡಿ ರಸ್ತೆ". ಫೋಟೊ 2: ನಾನು ಟೇಪ್ ಹಿಡಿದಿರೋದು. 22 ಅಡಿ.

ಒಂದು ಭಾನುವಾರ ಮಾವನ ಸ್ಕೂಟರ್ ಹತ್ತಿ ಎಲ್ಲ ಸೈಟ್ ಸುತ್ತಿದ್ವಿ. ಮಾವನಿಗೆ ಮಾರೋರು ಹೇಳಿದ್ದನ್ನ ಅವರು ಕೊಳ್ಳೋರಿಗೆ ಹೇಳ್ತಿದ್ರು. ಟೇಪ್ ಹಿಡಿದು ಯಾರೂ ನೋಡಿರಲಿಲ್ಲ. 22 ಅಂತ ಬಂದಾಗ ಅವರೇ ಇನ್ನೊಂದು ಸಲ ಅಳೀ ಅಂದ್ರು. ಅಳೆದೆ. 22.

"ಬಸ್ ಸ್ಟ್ಯಾಂಡ್‌ನಿಂದ 5 ನಿಮಿಷ" ಅಂತ ಇತ್ತಲ್ಲ, ಅದಕ್ಕೂ ಗಡಿಯಾರ ಇಟ್ಟೆ. ಮಧ್ಯಾಹ್ನ, ಟ್ರಾಫಿಕ್ ಕಡಿಮೆ ಇದ್ದಾಗ, 17 ನಿಮಿಷ.

ಹಾಗಾಗಿ ಹೋಮ್‌ಪೇಜ್ ಫೋಟೊಗೆ ನಮ್ಮ ನಿಯಮ:

ಬೇರೆ ದೇಶದ ಮನೆ, ನೆಟ್‌ನಿಂದ ಇಳಿಸಿದ ಗಾರ್ಡನ್ ಬೇಡ. ಪ್ರತಿ ಸೈಟ್‌ಗೆ ನಾಲ್ಕು ಫೋಟೊ: ಸೈಟ್, ಮುಂದಿನ ರಸ್ತೆ, ಚರಂಡಿ, ಪಕ್ಕದಲ್ಲಿ ಏನಿದೆ. ಕರೆಂಟ್ ಕಂಬ ಎಲ್ಲಿದೆ ಅಂತ ಕಾಣಬೇಕು. ಸಾಧ್ಯ ಆದ್ರೆ ಮಳೆ ಬಂದ ಮಾರನೇ ದಿನ ಇನ್ನೊಂದು. ಬೇಸಿಗೆಯಲ್ಲಿ ಎಲ್ಲ ಸೈಟೂ ಚೆನ್ನಾಗೇ ಕಾಣುತ್ತೆ, ನೀರು ನಿಲ್ಲೋದು ಜುಲೈನಲ್ಲಿ ಗೊತ್ತಾಗೋದು.

ಫೋಟೊ ಕೆಳಗೆ ತೆಗೆದ ತಿಂಗಳು, ವರ್ಷ. ಕಂಪ್ಯೂಟರ್‌ನಲ್ಲಿ ಬರೆಸಿದ ಚಿತ್ರ ಹಾಕಲೇಬೇಕು ಅಂದ್ರೆ "ಇದು ಕಲ್ಪನೆ, ಇನ್ನೂ ಕಟ್ಟಿಲ್ಲ" ಅಂತ ಅದೇ ಚಿತ್ರದ ಮೇಲೆ ದೊಡ್ಡದಾಗಿ. ಮೂಲೆಯಲ್ಲಿ ಇರುವೆ ಗಾತ್ರದಲ್ಲಿ ಅಲ್ಲ.

ಬಿಲ್ಡರ್, ಲೇಔಟ್ ಮಾಡೋರ ಜಾಹೀರಾತಲ್ಲಿ ಸುಳ್ಳಿದ್ದು, ಅದನ್ನ ನಂಬಿ ದುಡ್ಡು ಕಟ್ಟಿ ನಷ್ಟ ಆದ್ರೆ, ಪರಿಹಾರ ಕೇಳೋ ಹಕ್ಕು ಇದೇ ಕಾಯ್ದೆಯ 12ನೇ ಸೆಕ್ಷನ್‌ನಲ್ಲಿದೆ. ಹೋಮ್‌ಪೇಜ್ ಅನ್ನೋದು ಚಂದದ ಚಿತ್ರ ಮಾತ್ರ ಅಲ್ಲ. ನಾಳೆ ಅದು ಸಾಕ್ಷಿ ಕೂಡ.

7/10

ಇದು ಪೂರ್ತಿ ಟೆಕ್ನಿಕಲ್. ಆದ್ರೆ ಕನ್ನಡದಲ್ಲಿ ಪೇಜ್ ಮಾಡೋರು ಓದಲೇಬೇಕು.

ಮಾವ ಡಿಟಿಪಿ ಸೆಂಟರ್‌ನಲ್ಲಿ ಟೈಪ್ ಮಾಡಿಸಿದ ಫೈಲ್ ಕೊಟ್ರು. ಕಾಪಿ ಮಾಡಿ ಪೇಜ್‌ಗೆ ಹಾಕಿದ್ರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಿಚಡಿ. ಯಾಕಂದ್ರೆ ಅದು ಹಳೇ ನುಡಿ ಫಾಂಟ್‌ನಲ್ಲಿತ್ತು, ಯೂನಿಕೋಡ್ ಅಲ್ಲ. ಕೆಲವರು ಇದಕ್ಕೆ ಉಪಾಯ ಅಂತ ಪಾಂಪ್ಲೆಟ್ ಫೋಟೊವನ್ನೇ ಹೋಮ್‌ಪೇಜ್‌ಗೆ ಅಂಟಿಸಿಬಿಡ್ತಾರೆ. ಆಗ ಓದೋಕೆ ಝೂಮ್ ಮಾಡಬೇಕು, ಗೂಗಲ್‌ನಲ್ಲಿ ಹುಡುಕೋರಿಗೆ ಸಿಗೋದೂ ಕಷ್ಟ, ಕಣ್ಣು ಕಾಣದವರ ಮೊಬೈಲ್ ಅದನ್ನ ಓದಿ ಹೇಳೋಕೂ ಆಗಲ್ಲ. ಯೂನಿಕೋಡ್‌ಗೆ ಬದಲಾಯಿಸಿ, ಇಲ್ಲಾ ಹೊಸದಾಗಿ ಟೈಪ್ ಮಾಡಿ. ನಾನು ಒಂದು ಸಂಜೆ ಕೂತು ಮಾಡಿದೆ.

ಎರಡನೇದು, ಸಾಲುಗಳ ನಡುವೆ ಜಾಗ. ಇಂಗ್ಲಿಷ್‌ಗೆ ಮಾಡಿದ ಟೆಂಪ್ಲೇಟ್‌ನಲ್ಲಿ ಕನ್ನಡ ಹಾಕಿದ್ರೆ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ಹೊಡೆಯುತ್ತೆ. "ವಿಸ್ತೀರ್ಣ", "ಸ್ವತ್ತು" ಅಂತ ಬರೆದು ನೋಡಿ. ಸಾಲಿನ ಎತ್ತರ ಹೆಚ್ಚು ಮಾಡಿ, ಅಕ್ಷರ ಒಂದು ಸೈಜ್ ದೊಡ್ಡದು ಮಾಡಿ.

ಮೂರನೇದು, ಭಾರ. ಮಾವನ ಮೊಬೈಲ್ ಫೋಟೊ ಒಂದೊಂದೂ 5 ಎಂಬಿ. 14 ಆಸ್ತಿಗೆ ನಾಲ್ಕರಂತೆ 56 ಫೋಟೊ, 280 ಎಂಬಿ! ಡೇಟಾ ಪ್ಯಾಕ್ ಅರ್ಧ ದಿನಕ್ಕೇ ಖಾಲಿಯಾಗೋ ನಮ್ಮಂಥವರು ತೆಗೀತೀವಾ? ಎಲ್ಲಾ ವೆಬ್‌ಪಿ ಮಾಡಿ 150 ಕೆಬಿ ಒಳಗೆ ಇಳಿಸಿದೆ. ಹೋಮ್‌ಪೇಜ್‌ನಲ್ಲಿ ಒಂದೊಂದಕ್ಕೆ ಒಂದೇ ಫೋಟೊ, ಉಳಿದಿದ್ದು ಒತ್ತಿದ್ರೆ ಮಾತ್ರ. ಮುಖ್ಯ ಭಾಗ ಎರಡೂವರೆ ಸೆಕೆಂಡ್ ಒಳಗೆ ಕಾಣಬೇಕು ಅಂತ ಗೂಗಲ್ ಹೇಳುತ್ತೆ. ಮ್ಯೂಸಿಕ್, ತಾನಾಗೇ ಓಡೋ ವಿಡಿಯೊ, ತಿರುಗೋ ಸ್ಲೈಡರ್ ಮೂರೂ ತೆಗೆದ್ಮೇಲೆ ನಮ್ಮದು ಅದರೊಳಗೆ ಬಂತು.

ನಾಲ್ಕನೇದು, ಭಾಷೆ. ಕನ್ನಡ ಮೊದಲು, ಮೂಲೆಯಲ್ಲಿ ಇಂಗ್ಲಿಷ್ ಬಟನ್. ಕ್ರಯಪತ್ರ ಕನ್ನಡದಲ್ಲಿ, ಪಹಣಿ ಕನ್ನಡದಲ್ಲಿ. ಮಾರೋ ಪೇಜ್ ಮಾತ್ರ ಯಾಕೆ ಇಂಗ್ಲಿಷ್‌ನಲ್ಲಿ?

8/10

ಹಾಕಬಾರದ್ದರ ಪಟ್ಟಿ.

"ಇನ್ನು 3 ಸೈಟ್ ಮಾತ್ರ ಬಾಕಿ!" ಜೊತೆಗೆ ಓಡೋ ಗಡಿಯಾರ. ಪೇಜ್ ರಿಫ್ರೆಶ್ ಮಾಡಿದ್ರೆ ಗಡಿಯಾರ ಮತ್ತೆ ಮೊದಲಿಂದ. ಇದಕ್ಕೆ ಸುಳ್ಳು ತುರ್ತು ಅಂತ ಹೆಸರು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಡಾರ್ಕ್ ಪ್ಯಾಟರ್ನ್ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ 13 ಬಗೆಯ ಕಣ್ಕಟ್ಟು ಪಟ್ಟಿ ಮಾಡಿದೆ, ಅದರಲ್ಲಿ ಇದೂ ಒಂದು. ಚಪ್ಪಲಿ ತಗೊಳ್ಳೋವಾಗ ಅವಸರ ಮಾಡಿಸಿದ್ರೆ 500 ರೂಪಾಯಿ ಹೋಗುತ್ತೆ. ಇಲ್ಲಿ ಹೋಗೋದು ಒಂದು ಮನೆಯ ಹದಿನಾಲ್ಕು ವರ್ಷ.

"ಬೆಲೆ ನೋಡೋಕೆ ಮೊಬೈಲ್ ನಂಬರ್ ಹಾಕಿ." ಹಾಕಿದ ಮೇಲೆ ನಲವತ್ತು ಕಾಲ್, ಎರಡು ತಿಂಗಳು. ಅದಕ್ಕೇ ಜನ ಸುಳ್ಳು ನಂಬರ್ ಹಾಕೋದು. ನಮ್ಮ ಪೇಜ್‌ನಲ್ಲಿ ಫಾರ್ಮೇ ಇಲ್ಲ. ವಾಟ್ಸಾಪ್ ಬಟನ್ ಒತ್ತಿದ್ರೆ ಯಾವ ಸೈಟ್ ಅನ್ನೋದು ಮೊದಲೇ ಟೈಪ್ ಆಗಿರುತ್ತೆ, ಬೇಕಾದವರು ಕಳಿಸ್ತಾರೆ. ನಂಬರ್ ಕೊಡೋದು ಬಿಡೋದು ಅವರ ಇಷ್ಟ.

ಸುಳ್ಳು ಪ್ರಶಂಸೆ. ಟೆಂಪ್ಲೇಟ್ ಜೊತೆ ಬರೋ ಕೋಟ್ ಹಾಕ್ಕೊಂಡ ಮೂರು ಮುಖ, ಐದೈದು ಸ್ಟಾರ್. "ಹಂಗೇ ಬಿಡು, ಚಂದ ಕಾಣ್ತದೆ" ಅಂದ್ರು ಮಾವ. ತೆಗೆದು, ಅವರಿಂದ ಮನೆ ತಗೊಂಡಿದ್ದ ಒಬ್ಬ ಟೀಚರ್‌ಗೆ ಕಾಲ್ ಮಾಡಿದೆ. ಅವರು ಹೇಳಿದ ಎರಡು ವಾಕ್ಯ ಹಾಕಿದೆ, ಅವರನ್ನ ಕೇಳಿ, ಹೆಸರಿಲ್ಲದೆ. ಅದರಲ್ಲಿ "ನೋಂದಣಿ ದಿನ ಸ್ವಲ್ಪ ತಡ ಮಾಡಿದ್ರು" ಅಂತಲೂ ಇದೆ. ಮಾವ ಮುಖ ಸಿಂಡರಿಸಿದ್ರು. ಆ ಒಂದು ಸಾಲು ಇರೋದ್ರಿಂದಲೇ ಇನ್ನೊಂದನ್ನ ಜನ ನಂಬೋದು ಅಂತ ನಾನಂದೆ.

ಮಾರಿ ಹೋದ ಸೈಟ್. ಜನರನ್ನ ಎಳೆಯೋಕೆ ಅಂತ ಅದನ್ನ ಹಾಗೇ ಬಿಟ್ಟು, ಕಾಲ್ ಮಾಡಿದ್ರೆ "ಅದು ಹೋಯ್ತು, ಇನ್ನೊಂದಿದೆ ಬನ್ನಿ" ಅನ್ನೋದು. ಅದೂ ಮೋಸವೇ. ಮಾರಿದ ದಿನವೇ "ಮಾರಾಟವಾಗಿದೆ" ಅಂತ ಹಾಕಬೇಕು. ಇದನ್ನ ಮಾಡೋಕೆ ಮಾವನಿಗೆ ಕಲಿಸೋದಕ್ಕೇ ಒಂದು ವಾರ ಹಿಡೀತು.

9/10

ಈಗ ನನ್ನ ವಿರುದ್ಧದ ವಾದ. ಇದನ್ನ ಮಾವ ಚೆನ್ನಾಗೇ ಹೇಳಿದ್ರು, ಹಾಗಾಗಿ ಪೂರ್ತಿ ಹಾಕ್ತೀನಿ.

"ನೀನು ಹೇಳೋದು ಓದಿದವರಿಗೆ ಸರಿ ಅವ್ವಾ. ಕಾಗದ ಸರಿ ಇರೋ ಸೈಟ್ 24 ಲಕ್ಷ. ಆಟೊ ಓಡಿಸೋನು, ಹೋಟೆಲ್ ಕೆಲಸದೋನು ಎಲ್ಲಿಂದ ತರ್ತಾನೆ? ಅವನಿಗೆ ರೆವಿನ್ಯೂ ಸೈಟೇ ಗತಿ. ನಾನು ಹಾಕ್ಲಿಲ್ಲ ಅಂದ್ರೆ ಇನ್ನೊಬ್ಬ ಹಾಕ್ತಾನೆ. ನನ್ನ ಕಮಿಷನ್ ಹೋಯ್ತು, ಅವನಿಗೇನು ಸಿಕ್ತು?"

ಇದಕ್ಕೆ ಸುಲಭದ ಉತ್ತರ ನನ್ನ ಹತ್ರ ಇಲ್ಲ. ಬಡವರಿಗೆ ಕೈಗೆಟಕೋ, ಕಾಗದ ಸರಿ ಇರೋ ಸೈಟ್ ಸಾಕಷ್ಟಿಲ್ಲ ಅನ್ನೋದು ನಿಜ. ಅದು ಒಂದು ಹೋಮ್‌ಪೇಜ್‌ನಿಂದ ಸರಿಹೋಗೋದಲ್ಲ.

ಆದ್ರೂ ಎರಡು ಮಾತು. ಒಂದು, ಕಾನೂನು. 500 ಚದರ ಮೀಟರ್‌ಗಿಂತ ದೊಡ್ಡ ಜಾಗದಲ್ಲಿ ಲೇಔಟ್ ಮಾಡಿದ್ರೆ ರೇರಾ ನೋಂದಣಿ ಬೇಕು. ನೋಂದಣಿ ಆಗಬೇಕಿದ್ದೂ ಆಗದ ಪ್ರಾಜೆಕ್ಟ್‌ನ ಸೈಟ್‌ಗೆ ಏಜೆಂಟ್ ಕೈ ಹಾಕಂಗಿಲ್ಲ ಅಂತ 10ನೇ ಸೆಕ್ಷನ್. ಹಾಕಿದ್ರೆ ದಿನಕ್ಕೆ 10,000 ರೂಪಾಯಿ ದಂಡ, ಆಸ್ತಿ ಬೆಲೆಯ 5 ಪರ್ಸೆಂಟ್‌ವರೆಗೂ ಬೆಳೀಬಹುದು. ಎರಡು, ಕಡಿಮೆ ದುಡ್ಡಿನವನಿಗೇ ಹೊಡೆತ ತಡ್ಕೊಳ್ಳೋ ಶಕ್ತಿ ಕಡಿಮೆ. ಹಣ ಇದ್ದೋನು ಒಂದು ಸೈಟ್ ಹೋದ್ರೆ ಬೈಕೊಂಡು ಸುಮ್ನಾಗ್ತಾನೆ. ನಮ್ಮನೆಯಲ್ಲಿ ಅಕ್ಕನ ಓದು ಹೋಯ್ತು.

ಕೊನೆಗೆ ಕೂತು ಪಟ್ಟಿ ಮಾಡಿದ್ವಿ. 14 ಆಸ್ತಿಯಲ್ಲಿ 9ರ ಕಾಗದ ಸರಿ. 5 ತೆಗೀಬೇಕು. ನಾಲ್ಕನ್ನ ಮಾವ ಒಂದೊಂದಾಗಿ ಹೊಡೆದು ಹಾಕಿದ್ರು, ಮುಖ ಗಂಟು ಹಾಕ್ಕೊಂಡು. ಐದನೇದಕ್ಕೆ ಪೆನ್ನು ನಿಲ್ಲಿಸಿದ್ರು.

ಐದನೇದು ಅಪ್ಪನ ಸೈಟ್. ನಾಲ್ಕು ವರ್ಷದಿಂದ ಮಾವ ಅದಕ್ಕೆ ಗಿರಾಕಿ ಹುಡುಕ್ತಾ ಇದ್ರು. ನನಗೆ ಗೊತ್ತೇ ಇರಲಿಲ್ಲ.

10/10

ಅವತ್ತು ರಾತ್ರಿ ಅಪ್ಪನಿಗೆ ಪೇಜ್ ತೋರಿಸಿದೆ. ಕನ್ನಡಕ ಹಾಕ್ಕೊಂಡು ನಿಧಾನಕ್ಕೆ ಓದಿದ್ರು. ಅಲಿನೇಷನ್, ಮಂಜೂರಾತಿ, ಇ-ಖಾತೆ, ಒಂದೊಂದರ ಮೇಲೂ ಬೆರಳಿಟ್ಟು. ಆಮೇಲೆ ಕೇಳಿದ್ರು, "ಹಂಗಾರೆ ನಮ್ಮದು ಇದ್ರಾಗೆ ಬರಂಗಿಲ್ಲ?"

ಬರಲ್ಲ ಅಪ್ಪಾ ಅಂದೆ.

ಸ್ವಲ್ಪ ಹೊತ್ತು ಸುಮ್ನಿದ್ದು, "ಹಾಕಿದ್ರೆ ಯಾರೋ ನನ್ನಂಥವನೇ ಬರ್ತಿದ್ದ. ಬ್ಯಾಡ ಬಿಡು" ಅಂದ್ರು. ನನ್ನ ವಾದಕ್ಕೆ ಅಪ್ಪ ಸರಿ ಅಂದ್ರೂ ಅವತ್ತು ನನಗೆ ಗೆದ್ದ ಹಾಗೆ ಅನ್ನಿಸಲಿಲ್ಲ. ನಮ್ಮ 3 ಲಕ್ಷ 20 ಸಾವಿರ ಇನ್ನೂ ಆ ಮೆಕ್ಕೆಜೋಳದ ಹೊಲದಲ್ಲೇ ಇದೆ.

ಪೇಜ್ ಶುರುವಾಗಿ ಒಂದು ತಿಂಗಳು. ಬಂದಿದ್ದು ಆರು ವಾಟ್ಸಾಪ್ ಮೆಸೇಜ್. ಪಾಂಪ್ಲೆಟ್ ಹಂಚಿದ್ರೆ ಇದಕ್ಕಿಂತ ಜಾಸ್ತಿ ಕಾಲ್ ಬರ್ತಿತ್ತು ಅಂತ ಮಾವ ದಿನಾ ನೆನಪಿಸ್ತಾರೆ. ಇನ್ನೂ ಒಂದೂ ಮಾರಾಟ ಆಗಿಲ್ಲ. ಆದ್ರೆ ಆರರಲ್ಲಿ ಯಾರೂ "ರೇಟ್ ಎಷ್ಟು, ಎಲ್ಲಿದೆ" ಅಂತ ಕೇಳಲಿಲ್ಲ. ಅದು ಪೇಜ್ ಮೇಲೇ ಇದೆ. ಕೇಳಿದ್ದು "ಶನಿವಾರ ಬಂದು ಕಾಗದ ನೋಡಬಹುದಾ" ಅಂತ. ಇಬ್ಬರು ಬಂದು ನೋಡ್ಕೊಂಡು ಹೋಗಿದ್ದಾರೆ. ಸರ್ಟಿಫಿಕೇಟ್ ಈಗ ಗಣಪತಿ ಹಿಂದೆ ಇಲ್ಲ, ಪಕ್ಕದಲ್ಲಿದೆ.

ಪೇಜ್ ಮಾಡೋ ಫ್ರೆಂಡ್ಸ್‌ಗೆ: ಗಿರಾಕಿ ಹೇಳಿದ್ದು ಟೈಪ್ ಮಾಡೋದಷ್ಟೇ ನಮ್ಮ ಕೆಲಸ ಅಂತ ಕೈ ತೊಳ್ಕೋಬೇಡಿ. ಆ ಪಾಂಪ್ಲೆಟ್‌ನ ಕಾರಂಜಿಯನ್ನೂ ಯಾರೋ ನಮ್ಮಂಥವರೇ ಕೂತು ಡಿಸೈನ್ ಮಾಡಿದ್ದು, ಇನ್ನೂರೋ ಮುನ್ನೂರೋ ರೂಪಾಯಿಗೆ. ಒಂದೇ ಪ್ರಶ್ನೆ ಕೇಳಿ: "ಇದರ ಕಾಗದ ಇದೆಯಾ?"

ಮನೇಲಿ ಸೈಟ್ ಮಾತು ನಡೀತಿದ್ರೆ: ಹೋಮ್‌ಪೇಜ್ ತೆಗೆದು ಮೊದಲ ಸ್ಕ್ರೀನ್‌ನಲ್ಲಿ ರೇರಾ ಸಂಖ್ಯೆ ಹುಡುಕಿ. ಇದ್ರೆ ರೇರಾ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ. ಪಹಣಿ ಭೂಮಿಯಲ್ಲಿ, ಇಸಿ ಕಾವೇರಿಯಲ್ಲಿ ಮನೇಲಿ ಕೂತೇ ತೆಗೀಬಹುದು. ರೇರಾ ಲೇಔಟ್ ಆದ್ರೆ, ಅಗ್ರಿಮೆಂಟ್ ನೋಂದಣಿ ಮಾಡ್ಕೊಡದೆ 10 ಪರ್ಸೆಂಟ್‌ಗಿಂತ ಜಾಸ್ತಿ ಅಡ್ವಾನ್ಸ್ ಕೇಳೋ ಹಾಗಿಲ್ಲ. ಕೇಳಿದ್ರೆ ಎದ್ದು ಬನ್ನಿ. ಅಪ್ಪ ಅಮ್ಮನಿಗೆ ಇದೆಲ್ಲ ಮಾಡೋಕೆ ಬರಲ್ಲ. ನಮಗೆ ಬರುತ್ತೆ. ಹತ್ತು ನಿಮಿಷದ ಕೆಲಸ.

ನಿಮ್ಮೂರಿನ ಯಾವುದಾದ್ರೂ ಏಜೆಂಟ್ ಪೇಜ್ ತೆಗೆದು, ಮೊದಲ ಸ್ಕ್ರೀನ್‌ನಲ್ಲಿ ಏನಿತ್ತು ಅಂತ ಕೆಳಗೆ ಬರೀರಿ. ಹೆಸರು ಬೇಡ. ಕಾಗದ ಇತ್ತಾ, ಗಾರ್ಡನ್ ಇತ್ತಾ, ಅಷ್ಟು ಸಾಕು.

#ದಾವಣಗೆರೆ #ಸೈಟ್ #ರೇರಾ #ಹೋಮ್‌ಪೇಜ್ #ಬಿಕಾಂಹುಡುಗಿ #ಕಾಗದಮೊದಲು